ಮಂಗೋಲಿಯಾದ ಕಂಬ, ಮಮದಾಪುರದ ಬೇವು

ಸೊಲ್ಲಾಪುರ ರಸ್ತೆ

ಮಂಗೋಲಿಯಾಕ್ಕೆ ಯಾಕೆ ಹೋಗಿದ್ದೆ ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ: ಕರೆಂಟಿನ ಕಂಬ ನೋಡಲು. ಕೇಳಿದವರು ನಗುತ್ತಿದ್ದರು. ಕಂಬ ನೋಡಲು ಅಷ್ಟು ದೂರ ಹೋಗಬೇಕೆ, ಸೊಲ್ಲಾಪುರ ರಸ್ತೆಯಲ್ಲಿ ಕಂಬಗಳಿಗೇನು ಬರವೇ ಎನ್ನುತ್ತಿದ್ದರು. ನಗಲಿ ಬಿಡಿ. ಸೊಲ್ಲಾಪುರ ರಸ್ತೆಯ ಕಂಬಗಳನ್ನು ನನ್ನಷ್ಟು ನೋಡಿದವರು ಕಡಿಮೆ. ವಿಜಯಪುರದ ಅದೇ ರಸ್ತೆಯಲ್ಲಿ ನಾನೂ ನಮ್ಮ ಮನೆಯವರೂ ಸೇರಿ ಟೀಸಿ ರಿಪೇರಿಯ ವರ್ಕ್‌ಶಾಪ್ ನಡೆಸುತ್ತೇವೆ. ಹೊಲದ ಅಂಚಿನಲ್ಲಿ ಎರಡು ಕಂಬಗಳ ನಡುವೆ ಕೂತಿರುವ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟೀಸಿ ಎನ್ನುತ್ತಾರೆ. ತಿಕೋಟಾದ ದ್ರಾಕ್ಷಿ ತೋಟದ ಟೀಸಿ ಸುಟ್ಟರೂ ನಮ್ಮಲ್ಲಿಗೆ ಬರುತ್ತದೆ, ಬಬಲೇಶ್ವರದ ಕಬ್ಬಿನ ಹೊಲದ್ದು ಸುಟ್ಟರೂ ನಮ್ಮಲ್ಲಿಗೇ. ಅವರು ಒಳಗಿನ ತಂತಿ ಸುತ್ತುವ ಕೆಲಸ ನೋಡಿಕೊಳ್ಳುತ್ತಾರೆ. ಉಳಿದದ್ದೆಲ್ಲ, ಅಂದರೆ ಎಣ್ಣೆ, ಕೆಲಸಗಾರರು, ಗಿರಾಕಿಗಳ ಜಗಳ, ನನ್ನದು. ಜಗಳ ನನಗೆ ಚೆನ್ನಾಗಿ ಬರುತ್ತದೆ.

ಸುಟ್ಟ ಟೀಸಿಯನ್ನು ಟ್ರ್ಯಾಕ್ಟರಿನಿಂದ ಇಳಿಸುವಾಗ ಅದರ ತಲೆಯ ಮೇಲಿನ ಪಿಂಗಾಣಿ ಕೊಂಬುಗಳ ನಡುವೆ ಕರಕಲಾದ ಗರಿ ಕಾಣುವುದು ನಮಗೆ ಹೊಸದಲ್ಲ. ಹಕ್ಕಿ ಒಂದೇ ತಂತಿಯ ಮೇಲೆ ಕೂತರೆ ಏನೂ ಆಗುವುದಿಲ್ಲ. ತಂತಿಯನ್ನೂ ಪಕ್ಕದ ಕಬ್ಬಿಣವನ್ನೂ ಒಟ್ಟಿಗೆ ಮುಟ್ಟಿತೋ, ಮುಗಿಯಿತು. ಹಕ್ಕಿ ಸಾಯುತ್ತದೆ, ಎಷ್ಟೋ ಸಲ ಟೀಸಿಯೂ ಸಾಯುತ್ತದೆ. ನೋಡಿ ನೋಡಿ ಬೇಸತ್ತು, ಆ ಕೊಂಬುಗಳಿಗೂ ಅವಕ್ಕೆ ಇಳಿಯುವ ತಂತಿಗೂ ತೊಡಿಸಲು ದಪ್ಪ ರಬ್ಬರಿನ ಟೊಪ್ಪಿಗೆ ಮಾಡಿಸಿದೆ. ತಿಕೋಟಾದಲ್ಲಿ ಹಾಕಿಸಿದೆವು, ನನ್ನ ತವರು ನಿಡೋಣಿಯಲ್ಲಿ ಹಾಕಿಸಿದೆವು. ಅಲ್ಲಿಂದ ಮತ್ತೆ ಗರಿ ಬರಲಿಲ್ಲ. ಹಕ್ಕಿಗಳ ಅಧ್ಯಯನ ಮಾಡುವ ನಮ್ಮೂರ ಕಾಲೇಜಿನ ಮೇಷ್ಟ್ರೊಬ್ಬರು ಅದರ ಫೋಟೋ ತೆಗೆದು ಯಾರಿಗೋ ಕಳಿಸಿದರು, ಅವರು ಇನ್ಯಾರಿಗೋ ಕಳಿಸಿದರು, ಕೊನೆಗೆ ಮಂಗೋಲಿಯಾದಿಂದ ಕರೆ ಬಂತು. ಅಲ್ಲಿ ಕಂಬಗಳ ಮೇಲೆ ಹದ್ದು, ಡೇಗೆಗಳು ಸಾಯುತ್ತವಂತೆ. ಅದನ್ನು ತಪ್ಪಿಸಲು ದುಡಿಯುವವರೆಲ್ಲ ಒಂದೆಡೆ ಸೇರುತ್ತಾರಂತೆ, ಟೊಪ್ಪಿಗೆ ಹಿಡಿದುಕೊಂಡು ನೀವೂ ಬನ್ನಿ ಎಂದರು.

ಹೆಮ್ಮೆಯಿಂದ ಹೊರಡಬೇಕಾದ ಪ್ರಯಾಣ ಅದು. ಆದರೆ ಹೊರಡುವ ಮೊದಲೇ ಮಮದಾಪುರದಲ್ಲಿ ಒಂದು ಪಂಚಾಯ್ತಿ ಆಯಿತು. ಅಲ್ಲಿ ನನ್ನ ಅಕ್ಕ ಗೌರವ್ವನ ಹೊಲವಿದೆ. ಅವಳ ಹೊಲದ ಟೀಸಿಯೊಂದು ಮಾತ್ರ ಟೊಪ್ಪಿಗೆ ಹಾಕಿದ ಮೇಲೂ ಸುಟ್ಟಿತು, ಮತ್ತೆ ಮತ್ತೆ ಸುಟ್ಟಿತು. ಪ್ರತಿ ಸಲವೂ ಸತ್ತ ಹಕ್ಕಿ: ಮೈನಾ, ಬೆಳವ, ಒಮ್ಮೆ ಗರುಡ. ಆ ಟೀಸಿಯಿಂದ ನೀರೆತ್ತುವ ರೈತರೆಲ್ಲ ಸೇರಿ, ಪಕ್ಕದಲ್ಲಿರುವ ಅಕ್ಕನ ಬೇವಿನ ಮರವೇ ಇದಕ್ಕೆ ಕಾರಣ, ಅದನ್ನು ಕಡಿಯಬೇಕು ಎಂದು ತೀರ್ಮಾನಿಸಿದರು. ನಾನು ಹೋದಾಗ ಟೀಸಿ ನಮ್ಮ ವರ್ಕ್‌ಶಾಪಿನಲ್ಲಿತ್ತು. ಖಾಲಿ ಕಂಬಗಳ ಕೆಳಗೆ ಎಲ್ಲರೂ ನಿಂತಿದ್ದರು. ಮಾತಾಡಿದ್ದು ಅವರಲ್ಲಿ ಹಿರಿಯರಾದ ಮಲ್ಲಪ್ಪ ಕಾಕಾ.

“ಗೌರವ್ವ, ಗಿಡ ನಿಂದು, ಖರೆ. ಟೀಸಿ ಎಲ್ಲಾರದು. ಹಕ್ಕಿ ಕುಂದ್ರೂದು ನಿನ್ನ ಗಿಡದಾಗ, ಸಾಯೂದು ಟೀಸಿ ಮ್ಯಾಲ, ಒಣಗೂದು ನಮ್ಮ ದ್ರಾಕ್ಷಿ. ಎಷ್ಟಂತ ತಡಕೊಳ್ಳೂದು?”

“ನಾ ಇರೂತನ ಈ ಗಿಡಕ್ಕ ಕೊಡ್ಲಿ ಬೀಳೂದಿಲ್ಲರಿ,” ಅಕ್ಕ ಅಂದಳು. ಮಾತು ಮೆಲ್ಲಗಿತ್ತು, ಆದರೆ ಕದಲುವ ಹಾಗಿರಲಿಲ್ಲ.

ನಾನು ನಡುವೆ ಬಾಯಿ ಹಾಕಿದೆ. “ಕಾಕಾ, ನಾ ಇದೇ ಕೆಲಸಕ್ಕ ಪರದೇಶಕ್ಕ ಹೊಂಟೇನ್ರಿ. ಬಂದು ಏನ ಮಾಡಬೇಕು ಹೇಳತೇನಿ. ಅಲ್ಲೀತನ ಗಿಡ ಮುಟ್ಟಬ್ಯಾಡ್ರಿ.”

“ಹಂಗ ಆಗ್ಲಿ, ಸಾವಿ. ನೀ ಬಂದ ಮ್ಯಾಲೂ ಸುಟ್ರ?”

“ಸುಟ್ರ ಗಿಡ ಕಡೀರಿ.”

ಮರ ನನ್ನದಲ್ಲ, ಮಾತು ಮಾತ್ರ ನನ್ನದು. ಅಕ್ಕ ನನ್ನನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಮನೆಯ ಕಡೆ ನಡೆದುಬಿಟ್ಟಳು. ಊಟಕ್ಕೆ ಏಳು ಅಂದದ್ದು ಬಿಟ್ಟರೆ ಆ ದಿನ ನನ್ನೊಂದಿಗೆ ಮಾತಾಡಲಿಲ್ಲ.

ಉಲಾನ್‌ಬಾಟರ್

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಕಡಕ್ ರೊಟ್ಟಿಯನ್ನು ಅಧಿಕಾರಿ ಬೆರಳಿನಿಂದ ತಟ್ಟಿ ನೋಡಿದ. ಶೇಂಗಾ ಹಿಂಡಿಯ ಖಾರದ ಪುಡಿಯನ್ನು ಮೂಸಿ ನೋಡಿ ಸೀನಿದ. ಅವೆರಡೂ ಪಾಸಾದವು. ಸಿಕ್ಕಿಬಿದ್ದದ್ದು ರಬ್ಬರಿನ ಟೊಪ್ಪಿಗೆ. ಅವನು ಅದರೊಳಗೆ ಕೈ ಹಾಕಿದ, ಕಣ್ಣಿಗೆ ಹಿಡಿದ, ಇನ್ನೊಬ್ಬನನ್ನು ಕರೆದು ಅವನ ಕಣ್ಣಿಗೂ ಹಿಡಿದ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ಕೊನೆಗೆ ನಾನು ಟೊಪ್ಪಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಎರಡೂ ತೋಳು ಬೀಸಿ ಹಕ್ಕಿಯಾದೆ, ಟೊಪ್ಪಿಗೆಯ ಮೇಲೆ ಕೂತೆ, ಸಾಯಲಿಲ್ಲ. ಆಮೇಲೆ ಟೊಪ್ಪಿಗೆ ತೆಗೆದು ಬರಿಯ ಮೇಜಿನ ಮೇಲೆ ಕೂತು ಸತ್ತೆ. ಹಿಂದಿನ ಸಾಲಿನವರೆಲ್ಲ ನಕ್ಕರು. ಅಧಿಕಾರಿ ನಗದೆ ಠಸ್ಸೆ ಒತ್ತಿದ. ಐವತ್ತು ದಾಟಿದ ಹೆಂಗಸು ಇಳಕಲ್ ಸೀರೆಯಲ್ಲಿ ಸತ್ತು ತೋರಿಸಿದ ಮೇಲೆ ಅವನಾದರೂ ಏನು ಮಾಡಿಯಾನು?

ಹೊರಗೆ ನನ್ನನ್ನು ಎದುರುಗೊಂಡವಳು ಸಾರಾ. ಡೇಗೆಗಳ ಮೇಲೆ ಕೆಲಸ ಮಾಡುವ ಹುಡುಗಿ, ಡೆಹ್ರಾಡೂನಿನಲ್ಲಿ ಓದಿದವಳು, ಹಿಂದಿ ಚೆನ್ನಾಗಿ ಬರುತ್ತದೆ. ನನ್ನ ವಿಜಯಪುರದ ಹಿಂದಿ ಕೇಳಿ ಅವಳಿಗೆ ಎಲ್ಲಿಲ್ಲದ ಖುಷಿ. ನಾನು “ನಕ್ಕೋ” ಅಂದಾಗಲೆಲ್ಲ ಅದನ್ನು ಬಾಯಲ್ಲಿ ತಿರುಗಿಸಿ ತಾನೂ ಅನ್ನುತ್ತಿದ್ದಳು. ಎರಡೇ ದಿನಕ್ಕೆ ನಮ್ಮ ಡ್ರೈವರನೂ ಚಹಾ ಬೇಡವಾದರೆ ನಕ್ಕೋ ಅನ್ನತೊಡಗಿದ.

ಚಹಾದ ವಿಷಯ ಬಂತು, ಹೇಳಿಬಿಡುತ್ತೇನೆ. ಅಲ್ಲಿ ಚಹಾಕ್ಕೆ ಉಪ್ಪು ಹಾಕುತ್ತಾರೆ. ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಬಟ್ಟಲು ತುಂಬ ಹಾಲು, ಮೇಲೆ ಹಬೆ, ನೋಡಿದರೆ ನಮ್ಮ ಬಸ್‌ಸ್ಟ್ಯಾಂಡಿನ ಚಹಾವೇ. ಒಂದು ದೊಡ್ಡ ಗುಟುಕು ಎಳೆದೆ. ಸಭೆಯಲ್ಲಿ ನನ್ನ ಎದುರು ಕೂತಿದ್ದ ದೊಡ್ಡ ಎಂಜಿನಿಯರ್ ನನ್ನ ಮುಖ ನೋಡಿ ಗಾಬರಿಯಾಗಿ ನೀರು ತರಿಸಿದರು. ಮೂರನೆಯ ಬಟ್ಟಲಿಗೆ ರೂಢಿಯಾಯಿತು. ಮಜ್ಜಿಗೆಗೆ ಉಪ್ಪು ಹಾಕುವ ನಾವು ಚಹಾಕ್ಕೆ ಹಾಕಿದವರನ್ನು ಯಾವ ಬಾಯಿಂದ ಬೈಯೋಣ?

ಆ ಸಭೆಯಲ್ಲಿ ಅವರ ಕಥೆ ಕೇಳಿದೆ. ಮೊದಲು ಅವರು ಕಂಬಗಳ ಮೇಲೆ ಮುಳ್ಳು ನಿಲ್ಲಿಸಿದರಂತೆ, ತಿರುಗುವ ಕನ್ನಡಿ ಕಟ್ಟಿದರಂತೆ. ಜೋಳದ ಹೊಲದ ಬೆದರುಬೊಂಬೆಯ ಹಾಗೆ ಅದೂ ನಾಲ್ಕು ದಿನದ ಮಾತು. ಹಕ್ಕಿಗಳು ಮುಳ್ಳಿನ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತವು. ಹೆದರಿಸುವುದನ್ನು ಬಿಟ್ಟು ತಂತಿಗೆ ಹೊದಿಕೆ ಹಾಕಿದ ಮೇಲೆಯೇ ಸಾವು ತಗ್ಗಿದ್ದು. ನನ್ನ ಟೊಪ್ಪಿಗೆ ಕೈಯಿಂದ ಕೈಗೆ ಹೋಯಿತು. ಎಂಜಿನಿಯರ್ ಅದನ್ನು ಎಳೆದು, ತಿರುಚಿ, ನಿಮ್ಮ ಬಿಸಿಲಿಗೆ ಇದು ಸರಿ, ನಮ್ಮ ಚಳಿಗೆ ಒಡೆದೀತು ಎಂದರು. ಅದೂ ನಿಜವೇ. ವಾದಕ್ಕೆ ಇಳಿಯಲಿಲ್ಲ, ಅಂಥ ಚಳಿ ನಾನು ಕಂಡವಳಲ್ಲ.

ಹುಲ್ಲುಗಾವಲು

ಊರು ಬಿಟ್ಟ ಮೇಲೆ ಬರೀ ಹುಲ್ಲು. ಮಮದಾಪುರದ ಹುಲ್ಲುಗಾವಲನ್ನು ನೋಡಿ ಎಷ್ಟು ದೊಡ್ಡದಪ್ಪಾ ಎಂದುಕೊಳ್ಳುತ್ತಿದ್ದವಳು ನಾನು. ಇಲ್ಲಿ ಬೆಳಿಗ್ಗೆ ಹೊರಟ ಗಾಡಿ ಮಧ್ಯಾಹ್ನವಾದರೂ ಅದೇ ಹುಲ್ಲಿನಲ್ಲಿ ಓಡುತ್ತಿತ್ತು. ಕುರಿ ಇವೆ, ಕುದುರೆ ಇವೆ, ಮನುಷ್ಯರು ಅಲ್ಲೊಬ್ಬ ಇಲ್ಲೊಬ್ಬ. ನಡುವೆ ಕಂಬಗಳ ಒಂದೇ ಸಾಲು, ಕಣ್ಣು ಮುಟ್ಟುವ ತನಕ.

ಒಂದು ಕಂಬದ ಬುಡದಲ್ಲಿ ಗಾಡಿ ನಿಲ್ಲಿಸಿ ಸಾರಾ ಇಳಿದಳು. ಅಲ್ಲೊಂದು ಹದ್ದು ಬಿದ್ದಿತ್ತು. ದೊಡ್ಡದು, ರೆಕ್ಕೆ ಬಿಚ್ಚಿದರೆ ನಮ್ಮ ಹೊರಸು ಮಂಚದಷ್ಟು ಅಗಲ. ಉಗುರು ಕರಕಲಾಗಿತ್ತು. ನಮ್ಮ ಟೀಸಿಗಳಲ್ಲಿ ಸಿಗುವ ಗರಿಯ ವಾಸನೆಯೇ ಇಲ್ಲೂ ಇತ್ತು. ಆ ವಾಸನೆಗೆ ಭಾಷೆ ಬೇಕಾಗಲಿಲ್ಲ. ಚಳಿಗಾಲ ಬಂದರೆ ಈ ಜಾತಿಯ ಹದ್ದುಗಳು ನಿಮ್ಮ ದೇಶಕ್ಕೇ ಇಳಿಯುತ್ತವೆ, ಇದೂ ಬರುತ್ತಿತ್ತೇನೋ ಎಂದಳು ಸಾರಾ. ನಮ್ಮ ಕಡೆಗೆ ಹೊರಡಬೇಕಿದ್ದ ನೆಂಟ ಹೊಸ್ತಿಲಲ್ಲೇ ಸತ್ತುಬಿದ್ದಂತೆ ಅನಿಸಿತು.

ಹದ್ದನ್ನು ಚೀಲಕ್ಕೆ ಹಾಕಿಕೊಂಡು ಅವಳು ಏನೋ ಅಳೆಯುತ್ತಿದ್ದಾಗ ನಾನು ಸುತ್ತ ನೋಡಿದೆ. ಆಗ ತಲೆಗೆ ಹೊಳೆಯಿತು. ಇಲ್ಲಿ ಮರವೇ ಇಲ್ಲ. ಒಂದು ಜಾಲಿಗಿಡವೂ ಇಲ್ಲ. ಬೇವು ಇದ್ದುದಕ್ಕೆ ಹಕ್ಕಿ ಬಂತು, ಬಂದುದಕ್ಕೆ ಸತ್ತಿತು ಎನ್ನುವ ಮಲ್ಲಪ್ಪ ಕಾಕಾನ ಲೆಕ್ಕ ಈ ನಾಡಿನಲ್ಲಿ ನಡೆಯುವುದಿಲ್ಲ. ಅಲ್ಲೇ ಕಂಬಕ್ಕೆ ಒರಗಿ ನಿಂತು ಕಾಕಾನಿಗೆ ಹೇಳಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಅರ್ಧ ಗೆದ್ದಂತೆ ಅನಿಸಿತು. ಆದರೆ ಟೊಪ್ಪಿಗೆ ಹಾಕಿದ ಮೇಲೂ ಅಕ್ಕನ ಟೀಸಿಯೊಂದೇ ಯಾಕೆ ಸುಡುತ್ತದೆ ಎನ್ನುವ ಇನ್ನರ್ಧ ಹಾಗೇ ಉಳಿದಿತ್ತು.

ದೋಲ್ಗೋರ್ ಅಜ್ಜಿಯ ಡೇರೆ

ಅಲ್ಲಿ ಯಾರ ಡೇರೆಗೆ ಹೋದರೂ ದೂರದಲ್ಲೇ ನಿಂತು, ನಾಯಿ ಹಿಡಿಯಿರಿ ಎಂದು ಕೂಗಬೇಕು. ಬಾಗಿಲು ತಟ್ಟುವ ಪದ್ಧತಿಯಿಲ್ಲ. ಸಾರಾ ಕೂಗಿದಳು. ದೋಲ್ಗೋರ್ ಅಜ್ಜಿ ಹೊರಬಂದು, ಕರುವಿನಷ್ಟು ದೊಡ್ಡ ಕರಿನಾಯಿಯನ್ನು ಕಿವಿ ಹಿಡಿದು ಕೂರಿಸಿದಳು. ಒಳಗೆ ಹೋಗುವಾಗ ಹೊಸ್ತಿಲು ತುಳಿಯಬಾರದೆಂದು ಸಾರಾ ಎಚ್ಚರಿಸಿದಳು. ಇದನ್ನು ನನಗೆ ಹೇಳಬೇಕೆ? ತುಳಿದರೆ ನಮ್ಮವ್ವ ಬೆನ್ನಿಗೆ ಒಂದು ಕೊಡುತ್ತಿದ್ದಳು. ಒಳಗೆ ಒಲೆಯಲ್ಲಿ ಉರಿಯುತ್ತಿದ್ದುದು ಒಣಗಿದ ಸಗಣಿ. ನಮ್ಮ ಕುಳ್ಳಿನದೇ ಘಮ. ಪರದೇಶ ಎನ್ನುವುದು ಆ ಹೊಗೆಯಲ್ಲಿ ಸ್ವಲ್ಪ ಹೊತ್ತು ಮರೆತೇ ಹೋಯಿತು.

ನಾನು ಮಾಂಸ ಮುಟ್ಟದವಳು ಎಂದು ತಿಳಿದು ಅಜ್ಜಿಗೆ ಬಹಳ ಮರುಕವಾಯಿತು. ಯಾವ ಕಾಯಿಲೆ ಎಂದು ಕೇಳಿದಳಂತೆ. ಕೆನೆ ಕೊಟ್ಟಳು, ಬ್ರೆಡ್ಡು ಕೊಟ್ಟಳು, ಬಿಸಿಲಿಗೆ ಒಣಗಿಸಿದ ಮೊಸರಿನ ಗಟ್ಟಿಯೊಂದನ್ನು ಕೈಗಿತ್ತಳು. ಕಡಕ್ ರೊಟ್ಟಿ ತಿಂದು ಬೆಳೆದ ಹಲ್ಲು, ಏನಾದೀತು ಎಂದು ಕಚ್ಚಿದೆ. ಮೊಸರು ಒಡೆಯಲಿಲ್ಲ; ಸೊಲ್ಲಾಪುರ ರಸ್ತೆಯ ಡಾಕ್ಟರು ಕೂರಿಸಿದ್ದ ಹಲ್ಲಿನ ಟೊಪ್ಪಿಗೆ ಕಳಚಿ ಕೈಗೆ ಬಂತು. ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುವುದನ್ನು ನೋಡಿ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನನ್ನ ಹಿಂಡಿ ತಿಂದು ಅವಳಿಗೂ ಕಣ್ಣಲ್ಲಿ ನೀರು ಬಂತು, ಅಲ್ಲಿಗೆ ಸರಿಹೋಯಿತು.

ಬೆಳಿಗ್ಗೆ ಅವಳು ಮೊದಲ ಚಹಾವನ್ನು ಮರದ ಸೌಟಿನಲ್ಲಿ ತೆಗೆದುಕೊಂಡು ಹೊರಗೆ ಹೋಗಿ ಆಕಾಶದ ನಾಲ್ಕೂ ದಿಕ್ಕಿಗೆ ಎರಚಿದಳು. ನೋಡುತ್ತ ನಿಂತವಳಿಗೆ ಎಳ್ಳಮಾವಾಸ್ಯೆಯ ನೆನಪು. ನಾವೂ ಉಣ್ಣುವ ಮೊದಲು ಹೊಲದ ತುಂಬ ಅಡುಗೆಯ ಚರಗ ಚೆಲ್ಲುತ್ತೇವಲ್ಲ, ಭೂಮಿಗಿಷ್ಟು, ಹಕ್ಕಿಪಕ್ಕಿಗಿಷ್ಟು ಎಂದು. ಕೊಟ್ಟು ಉಣ್ಣುವ ಜನ ಎಲ್ಲ ಕಡೆಯೂ ಇದ್ದಾರೆ ಎಂದು ಮನಸ್ಸು ತುಂಬಿಬಂತು.

ಅದೇ ದಿನ ಅವರ ಮನೆಯಲ್ಲಿ ಕುರಿ ಕೊಯ್ದರು. ನಾನು ಡೇರೆಯ ಆ ಬದಿಗೆ ಹೋಗಿ ಗುಡ್ಡ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅಜ್ಜಿ ಕರುಳು, ಚೂರುಪಾರು ಎಲ್ಲವನ್ನೂ ಬಕೆಟ್ಟಿಗೆ ತುಂಬಿ, ಮಗನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೊರಟಳು. ನೋಡ ನೋಡುತ್ತ ಗುಡ್ಡದ ಆಚೆಗೆ ಮರೆಯಾದರು. ಹಕ್ಕಿಗಳಿಗೆ ಹಾಕಲು ಹೋಗಿದ್ದಾರೆ ಎಂದಳು ಸಾರಾ. ಡೇರೆಯ ಎದುರೇ ಇಷ್ಟು ಬಯಲಿರುವಾಗ ಅಷ್ಟು ದೂರ ಯಾಕೆ? ಅಜ್ಜಿ ಬಂದ ಮೇಲೆ ಕೇಳಿಸಿದೆ.

ಅವಳು ಡೇರೆಯ ಎದುರು ಹಾದುಹೋದ ಕಂಬದ ಸಾಲಿನತ್ತ ಗದ್ದ ಎತ್ತಿ ತೋರಿಸಿದಳು. ಸಾರಾ ಹಿಂದಿಯಲ್ಲಿ ಹೇಳಿದ್ದು ಇಷ್ಟು: “ಇಲ್ಲಿ ಹಾಕಿದರೆ ತಿನ್ನಲು ಬಂದವು ಆ ಕಂಬದ ಮೇಲೆಯೇ ಕೂರುತ್ತವೆ. ಒಂದು ಕೂತರೆ ಇನ್ನೊಂದು ಅದನ್ನು ತಳ್ಳುತ್ತದೆ. ಮೊದಲು ಗೊತ್ತಿರಲಿಲ್ಲ, ಇಲ್ಲೇ ಹಾಕುತ್ತಿದ್ದೆ. ಊಟಕ್ಕೆ ಕರೆದು ನಾಯಿ ಬಿಟ್ಟಂತಾಯಿತು.”

ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಹಕ್ಕಿ ಹೇಗೆ ಸತ್ತಿತು ಎಂದು ನಾನು ಸಾವಿರ ಸಲ ನೋಡಿದ್ದೇನೆ. ಯಾಕೆ ಬಂತು ಎಂದು ಒಮ್ಮೆಯೂ ಕೇಳಿರಲಿಲ್ಲ. ಟೊಪ್ಪಿಗೆ ಹಾಕಿದರೂ ಎಲ್ಲೋ ಒಂದು ಗೇಣು ಬರೀ ತಂತಿ ಉಳಿದೇ ಉಳಿಯುತ್ತದೆ. ಒಂದೆರಡು ಹಕ್ಕಿ ಬಂದು ಹೋದರೆ ತಪ್ಪಿಸಿಕೊಳ್ಳುತ್ತವೆ. ಹಿಂಡು ಬಂದು ಒಂದನ್ನೊಂದು ತಳ್ಳಿದರೆ ಯಾವ ಟೊಪ್ಪಿಗೆಯೂ ಸಾಲದು.

ಡೇರೆಯಲ್ಲಿ ನೆಟ್‌ವರ್ಕ್ ಇಲ್ಲ. ಸೀರೆ ಎತ್ತಿಕಟ್ಟಿ ಗುಡ್ಡ ಹತ್ತಿದೆ. ಕರಿನಾಯಿ ನನ್ನ ಹಿಂದೆಯೇ ಬಂತು. ಅಷ್ಟರಲ್ಲಿ ಅದಕ್ಕೂ ನನಗೂ ಗೆಳೆತನವಾಗಿತ್ತು. ಟೀಸಿಯನ್ನು ಅಷ್ಟರಲ್ಲಿ ರಿಪೇರಿ ಮಾಡಿ ಮಮದಾಪುರದಲ್ಲಿ ಕೂರಿಸಿ ಆಗಿತ್ತು. ನಮ್ಮ ಮನೆಯವರಿಗೆ ಫೋನ್ ಹಚ್ಚಿದೆ.

“ಅಕ್ಕನ ಹೊಲಕ್ಕ ಹೋಗಿ ಬರ್ರಿ. ಟೀಸಿ ಕೆಳಗ ಏನೈತಿ, ಫೋಟೋ ಹೊಡದ ಕಳಸ್ರಿ.”

“ಕೆಳಗ ಏನಿರತೈತಿ, ಮಣ್ಣ ಇರತೈತಿ. ನೀ ಊಟ ಮಾಡಾಕತ್ತಿಯೋ ಇಲ್ಲೋ?”

“ಹೋಗ್ರಿ ಅಂದ್ರ ಹೋಗ್ರಿ.”

ಮಾರನೆಯ ದಿನ ಅದೇ ಗುಡ್ಡದ ಮೇಲೆ ಫೋಟೋ ಬಂತು. ಎರಡು ಕಂಬಗಳ ನಡುವಿನ ಕೆಳಗಿನ ಪಟ್ಟಿಗೆ ಸಾಲಾಗಿ ಮಣ್ಣಿನ ಬೋಗುಣಿಗಳು ತೂಗುತ್ತಿದ್ದವು. ಕೆಳಗೆ ಜಾಳಿಗೆಯ ಬೇಲಿಯ ಒಳಗೆ ಹಾಸುಗಲ್ಲಿನ ಮೇಲೆ ಜೋಳ, ಸಜ್ಜೆ. ಫೋಟೋದ ಜೊತೆ ಅವರ ಮಾತು: “ಗೌರಕ್ಕ ದಿನಾ ಕೋಲಿನಿಂದ ಏರಿಸಿ ಇಳಸತಾಳಂತ. ಟೀಸಿ ಬಿಚ್ಚಿದಾಗೆಲ್ಲ ಲೈನ್‌ಮನ್ ತಗದ ಇಡತಾನ, ಕೂರಿಸಿದ ಮರದಿನ ಆಕಿ ಮತ್ತ ಕಟ್ಟತಾಳ. ಪುಣ್ಯದ ಕೆಲಸ ಅಂತ ಯಾರೂ ಏನೂ ಅಂದಿಲ್ಲ.”

ಗುಡ್ಡದ ಮೇಲೆ ಕೂತುಬಿಟ್ಟೆ. ಗೆದ್ದ ಖುಷಿ ಒಂದು ಚಣವೂ ಇರಲಿಲ್ಲ. ಮಲ್ಲಪ್ಪ ಕಾಕಾನ ಬಾಯಿ ಮುಚ್ಚಿಸುವುದು ನನಗೆ ಸುಲಭ. ಅಕ್ಕನಿಗೆ ಇದನ್ನು ಹೇಳುವುದು ಹೇಗೆ? ಹೇಳದೆ ಬಿಟ್ಟರೆ ಟೀಸಿ ಮತ್ತೆ ಸುಡುತ್ತದೆ, ನನ್ನ ಮಾತಿನಂತೆಯೇ ಅವಳ ಬೇವಿಗೆ ಕೊಡಲಿ ಬೀಳುತ್ತದೆ. ಅವಳ ಗಂಡ, ನಮ್ಮ ಮಾವ ಶಿವಪ್ಪ, ತೀರಿಕೊಂಡು ಎರಡು ಬೇಸಿಗೆ ಕಳೆದಿವೆ. ಹಕ್ಕಿಗೆ ನೀರಿಡುವುದು ಅವರ ರೂಢಿಯಾಗಿತ್ತು, ಈಗ ಇವಳು ಅದನ್ನು ಹಿಡಿದಿದ್ದಳು.

ಮಮದಾಪುರ

ವಿಜಯಪುರಕ್ಕೆ ಬಂದವಳೇ ಚೀಲ ಮನೆಯಲ್ಲಿಟ್ಟು ಬಬಲೇಶ್ವರದ ಬಸ್ಸು ಹತ್ತಿದೆ. ಮಲ್ಲಪ್ಪ ಕಾಕಾನೂ ಲೈನ್‌ಮನ್ನನೂ ಹೊಲದಲ್ಲಿ ಕಾಯುತ್ತಿದ್ದರು. ಲೈನ್ ಬಂದ್ ಮಾಡಿಸಿ, ಉಳಿದಿದ್ದ ಬರೀ ತಂತಿಗೂ ಹೊದಿಕೆ ಹಾಕಿಸಿದೆ. ಕಾಕಾನಿಗೆ ಮರವಿಲ್ಲದ ನಾಡಿನ ಕಥೆ ಹೇಳಿದೆ.

“ಒಂದ ಗಿಡಾನೂ ಇಲ್ಲೇನು?”

“ಹಲ್ಲಕಡ್ಡಿಗೆ ಬೇಕಂದ್ರೂ ಸಿಗೂದಿಲ್ರಿ. ಆದ್ರೂ ಹಕ್ಕಿ ಸಾಯತಾವು.”

ಕಾಕಾ ಬೇವನ್ನು ನೋಡಿದರು, ಟೀಸಿಯನ್ನು ನೋಡಿದರು, ತೂಗುತ್ತಿದ್ದ ಬೋಗುಣಿಗಳನ್ನು ನೋಡಿದರು. ಅವರು ಜಾಣರು. “ಇದನ್ನ ನೀನ ಹೇಳು ನಿಮ್ಮಕ್ಕಗ,” ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡು ಆಚೆ ಹೋಗಿ ನಿಂತರು. ಅಲ್ಲಿಂದಾಚೆ ಆ ಮರದ ಮಾತನ್ನು ಅವರು ಎತ್ತಿಲ್ಲ, ಆ ಟೀಸಿಯೂ ಇದನ್ನು ಬರೆಯುವ ತನಕ ನಮ್ಮ ವರ್ಕ್‌ಶಾಪಿಗೆ ಮತ್ತೆ ಬಂದಿಲ್ಲ.

ಅಕ್ಕ ಬೇವಿನ ನೆರಳಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂತೆ.

“ಅಕ್ಕ, ಬೋಗಾಣಿ ಅಲ್ಲಿ ಯಾಕ ಕಟ್ಟಿ?”

“ಗಿಡದಾಗ ಕಟ್ಟಿದ್ರ ಬೆಕ್ಕ ಹತ್ತತೈತಿ. ಆ ಕಂಬ ಹತ್ತಾಕ ಬೆಕ್ಕಿಗೆ ಆಗೂದಿಲ್ಲ. ಸುತ್ತ ಜಾಳಗಿ ಐತಿ, ನಾಯಿ ಬರೂದಿಲ್ಲ. ಯಾಕ?”

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮೆದು ಮಾತು ಒಂದೂ ಬಾಯಿಗೆ ಬರಲಿಲ್ಲ. “ಅವು ನೀರಿಗೆ ಬಂದು, ಟೀಸಿ ಮ್ಯಾಲ ಕುಂತು ಸಾಯಾಕತ್ತಾವ ಅಕ್ಕ. ಗಿಡದ ತಪ್ಪಲ್ಲ.”

ಅವಳು ಬೋಗುಣಿಗಳ ಕಡೆ ನೋಡಿದಳು. “ಅಂದ್ರ ನಾನ ಕರದು, ನಾನ ಕೊಂದಂಗ ಆತಲ್ಲ.”

ಅಲ್ಲ ಅನ್ನಬಹುದಿತ್ತು. “ಗೊತ್ತಿಲ್ದ ಆಗೇತಿ,” ಎಂದೆ. “ಬಾವಿ ದಂಡಿಗೆ ಇಡು. ಮಾವ ಅಲ್ಲೇ ಇಡತಿದ್ರಲ್ಲ. ಅಲ್ಲಿ ತಂತಿ ಇಲ್ಲ, ಬಯಲ ಐತಿ, ಬೆಕ್ಕ ಬಂದ್ರ ದೂರದಿಂದ ಕಾಣಸತೈತಿ.”

“ಆ ಕಡೆ ನಾ ಹೋಗೂದಿಲ್ಲ.”

“ಯಾಕ?”

“ನಿಮ್ಮ ಮಾವ ಬಿದ್ದು ಜೀವ ಬಿಟ್ಟದ್ದು ಅಲ್ಲೇ. ಅವತ್ತಿನಿಂದ ಆ ಕಡೆ ಕಾಲ ಇಟ್ಟಿಲ್ಲ ಸಾವಿ. ನೀರ ಹಾಯ್ಸಾಕ ಆಳಿನ ಕಳಸತೇನಿ.” ಅವಳು ಮತ್ತೆ ಟೀಸಿಯ ಕಡೆ ನೋಡಿದಳು. “ಅದಕ್ಕ ಬೋಗಾಣಿ ಇಲ್ಲಿ ತಂದಿದ್ದೆ. ಬೆಕ್ಕಿನ ಮಾತ ಆಮ್ಯಾಲಿಂದು.”

ನಾನು ನೂರು ಸಲ ಆ ಮನೆಯಲ್ಲಿ ಉಂಡವಳು. ಅವಳು ಬಾವಿಯ ಕಡೆ ಹೋಗುವುದನ್ನೇ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ಎದ್ದಳು. ಲೈನ್‌ಮನ್ ಬೋಗುಣಿಗಳನ್ನು ಬಿಚ್ಚಿ ಕೊಟ್ಟ. ಅವನ್ನು ಒಂದರೊಳಗೊಂದು ಜೋಡಿಸಿಕೊಂಡು ಸೊಂಟಕ್ಕೆ ಒತ್ತಿ ಹಿಡಿದಳು. ನಾನೂ ಹೆಜ್ಜೆ ಹಾಕಿದೆ.

“ನೀ ಇಲ್ಲೇ ಇರು,” ಎಂದಳು.

ಕಡಲೆಯ ಸಾಲುಗಳ ನಡುವೆ ಅವಳು ಸಣ್ಣವಳಾಗುತ್ತ ಹೋದಳು. ಒಂದು ಕಡೆ ನಿಂತಳು. ತಿರುಗಿ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ, ಮುಂದೆ ಹೋದಳು. ಮಲ್ಲಪ್ಪ ಕಾಕಾ ನನ್ನ ಹತ್ತಿರ ಬಂದು ನಿಂತರು.

ಅವಳು ತಿರುಗಿ ಬಂದಾಗ ಕೈ ಖಾಲಿಯಿತ್ತು. ತೋಳು ಮೊಣಕೈವರೆಗೆ ತೊಯ್ದಿತ್ತು, ಕಣ್ಣು ಕೆಂಪಗಿದ್ದವು.

“ಬಾವಿ ತುಂಬೈತಿ ಸಾವಿ,” ಎಂದಳು. “ಬಗ್ಗಿದ್ರ ಕೈಗೆ ನೀರ ಸಿಗತೈತಿ. ನನಗ ಯಾರೂ ಹೇಳಲೇ ಇಲ್ಲ.”

ಆಮೇಲೆ ಮಲ್ಲಪ್ಪ ಕಾಕಾನ ಕಡೆ ತಿರುಗಿ, “ಇನ್ನ ಲೈನ್ ಬಿಡಾಕ ಹೇಳ್ರಿ,” ಎಂದಳು.